ಕಡತ ಬಂತು, ಕನ್ನಡ ಬರಲಿಲ್ಲ

ದೊಡ್ಡ ಪಿ, ತಲೆಯ ಮೇಲೆ ಗೀರು ಹೊತ್ತ ಎ, ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಕ್ಯೂ, ಕೊನೆಗೆ ಇನ್ನೊಂದು ಗೀರಿನ ಎ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂದು ಬೆರಳಚ್ಚು ಮಾಡಿದ ಫೈಲನ್ನು ಆ ಫಾಂಟು ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಕಾಣುವುದು ಈ ಏಳು ಗುರುತುಗಳ ಸಾಲು. ಪುಟದ ತುಂಬ ಹೀಗೇ ಇರುತ್ತದೆ. ಕಥೆಯೋ ಕವಿತೆಯೋ ಲೆಕ್ಕಪತ್ರವೋ ಎಂದು ಕೂಡ ಗೊತ್ತಾಗುವುದಿಲ್ಲ.

ಇದು ಇಪ್ಪತ್ತು ವರ್ಷದ ಹಿಂದಿನ ಮಾತು, ಯೂನಿಕೋಡ್ ಬಂದ ಮೇಲೆ ಮುಗಿಯಿತು ಎಂದು ಬಹಳ ಜನ ತಿಳಿದಿದ್ದಾರೆ. ಮುಗಿದಿಲ್ಲ. ನಾನಿರುವುದು ಅಡಿಲೇಡಿನ ಉತ್ತರ ಭಾಗದ ಬ್ಲೇರ್ ಅಥಾಲ್‌ನಲ್ಲಿ. ರಾಜ್ಯೋತ್ಸವದ ಸ್ಮರಣ ಸಂಚಿಕೆಗೆ ಪರ್ತ್‌ನಿಂದ, ಬ್ರಿಸ್ಬೇನ್‌ನಿಂದ, ಮೈಸೂರು ಧಾರವಾಡಗಳಲ್ಲಿರುವ ಹಿರಿಯರಿಂದ ಬರಹಗಳು ಬರುತ್ತವೆ. ಒಂದು ನುಡಿಯಲ್ಲಿ, ಒಂದು ‘ಬರಹ’ ತಂತ್ರಾಂಶದ ಹಳೆಯ ಆವೃತ್ತಿಯಲ್ಲಿ, ಒಂದು ಫೋನಿನಲ್ಲೇ ಟೈಪಿಸಿದ್ದು, ಇನ್ನೊಂದು ಯಾವುದೋ ಡಿಟಿಪಿ ಅಂಗಡಿಯಿಂದ ಬಂದ ಪೇಜ್‌ಮೇಕರ್ ಫೈಲು. ಇವನ್ನೆಲ್ಲ ಒಂದೇ ಪುಸ್ತಕದಲ್ಲಿ ಕೂರಿಸಲು ಹೊರಟವರಿಗೆ ಈ ತೊಂದರೆ ಇವತ್ತಿಗೂ ಹೊಸದೇ. ಇಲ್ಲಿನ ಮುದ್ರಣದಂಗಡಿಯವರ ಬಳಿ ಕನ್ನಡ ಫಾಂಟು ಇರುವುದಿಲ್ಲ. ಅಕ್ಷರ ತಪ್ಪಾಗಿ ಬಿದ್ದರೂ ಗುರುತಿಸುವವರು ಅಲ್ಲಿ ಯಾರೂ ಇಲ್ಲ. ಆದ್ದರಿಂದ ಕನ್ನಡ ಫೈಲು ಒಂದು ಗಣಕದಿಂದ ಇನ್ನೊಂದಕ್ಕೆ ಹೋಗುವಾಗ ಎಲ್ಲೆಲ್ಲಿ ಕೆಡುತ್ತದೆ, ಅದಕ್ಕೆ ಏನೇನು ಮದ್ದು ಮಾಡಿದ್ದೇವೆ, ಯಾವುದು ನಿಜಕ್ಕೂ ನಾಟಿದೆ ಎಂಬುದನ್ನು ಒಮ್ಮೆ ಪೂರ್ತಿಯಾಗಿ ನೋಡಬೇಕು ಅನ್ನಿಸಿತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಕಣ್ಣಿಗೆ ಸರಿಯಾಗಿ ಕಾಣಿಸುವ ಉಪಾಯಗಳನ್ನು ನಾವು ಚೆನ್ನಾಗಿಯೇ ಕಲಿತೆವು. ಹುಡುಕಲು, ತಿದ್ದಲು, ಯಂತ್ರದಿಂದ ಓದಿಸಲು ಬರುವಂತೆ ಪಠ್ಯವನ್ನು ಉಳಿಸುವ ಕೆಲಸದಲ್ಲಿ ಹಿಂದೆ ಬಿದ್ದೆವು.

ಕನ್ನಡ ಲಿಪಿಯನ್ನು ಯಂತ್ರಕ್ಕೆ ಒಗ್ಗಿಸುವ ಕಷ್ಟ ಗಣಕದಿಂದ ಶುರುವಾದದ್ದಲ್ಲ. ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಸೆರಾಂಪುರದಲ್ಲಿ ಅಚ್ಚಾದಾಗಲೇ ಒತ್ತಕ್ಷರಗಳಿಗೆ ಮೊಳೆ ಹೊಂದಿಸುವ ಪಾಡು ಇತ್ತು. 1843ರಲ್ಲಿ ಮಂಗಳೂರಿನಲ್ಲಿ ಹೊರಟ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಬಂತು. ಆಗ ಅಚ್ಚಾದ ಹಾಳೆ ಎಲ್ಲಿಗೆ ಹೋದರೂ ಅದೇ ಹಾಳೆ. ಗಣಕದಲ್ಲಿ ಹಾಗಲ್ಲ. ಫೈಲಿನಲ್ಲಿ ಹೋಗುವುದು ಅಂಕಿಗಳ ಸಾಲು ಮಾತ್ರ. ಯಾವ ಅಂಕಿಗೆ ಯಾವ ಆಕಾರ ಬಿಡಿಸಬೇಕು ಎಂಬುದನ್ನು ತೆರೆಯುವ ಗಣಕ ತನ್ನಲ್ಲಿರುವ ಫಾಂಟು ನೋಡಿ ತೀರ್ಮಾನಿಸುತ್ತದೆ. ಕಳಿಸುವವರಿಗೂ ಪಡೆಯುವವರಿಗೂ ಆ ಅಂಕಿಗಳ ಬಗ್ಗೆ ಒಂದೇ ಒಪ್ಪಂದ ಇರಬೇಕು. ಕನ್ನಡದಲ್ಲಿ ಬಹಳ ಕಾಲ ಆ ಒಪ್ಪಂದ ಇರಲಿಲ್ಲ, ಅಥವಾ ಹಲವು ಇದ್ದವು.

ಒಪ್ಪಂದ ಮಾಡುವ ಪ್ರಯತ್ನ ನಡೆದಿರಲಿಲ್ಲ ಎಂದಲ್ಲ. ಭಾರತೀಯ ಭಾಷೆಗಳಿಗಾಗಿ ಇಸ್ಕಿ ಎಂಬ ಸಂಕೇತ ವ್ಯವಸ್ಥೆಯನ್ನು ಭಾರತೀಯ ಮಾನಕ ಬ್ಯೂರೋ 1991ರಲ್ಲಿ ಪ್ರಕಟಿಸಿತು. ಅದು ಅಕ್ಷರವನ್ನು ಅಕ್ಷರವಾಗಿಯೇ ಇಡುತ್ತಿತ್ತು; ಒತ್ತು, ಗುಣಿತಗಳನ್ನು ಜೋಡಿಸಿ ತೋರಿಸುವುದು ತಂತ್ರಾಂಶದ ಹೊಣೆ. ಪುಣೆಯ ಸಿಡ್ಯಾಕ್ ಸಂಸ್ಥೆ ಅದಕ್ಕೆಂದೇ ಗಣಕಕ್ಕೆ ಸಿಕ್ಕಿಸುವ ಜಿಸ್ಟ್ ಎಂಬ ಕಾರ್ಡು ಮಾಡಿತ್ತು. ಆದರೆ ವಿಂಡೋಸ್ ಮನೆಮನೆಗೆ ಬಂದಾಗ ಅಗ್ಗದ, ಸುಲಭದ ದಾರಿ ಬೇರೆ ಇತ್ತು. ಇಂಗ್ಲಿಷ್ ಫಾಂಟಿನಲ್ಲಿ ಇರುವುದು ಇನ್ನೂರ ಐವತ್ತಾರು ಮನೆ. ಅವುಗಳಲ್ಲಿ ಕನ್ನಡ ಅಕ್ಷರದ ತುಂಡುಗಳನ್ನು ಕೂರಿಸಿ, ಇದು ಇಂಗ್ಲಿಷೇ ಎಂದು ಗಣಕವನ್ನು ನಂಬಿಸುವುದು. ಇದನ್ನೇ ನಮ್ಮ ಡಿಟಿಪಿಯವರು ಇಂದಿಗೂ ‘ಆಸ್ಕಿ ಫಾಂಟು’ ಅನ್ನುತ್ತಾರೆ.

ಇದರ ಒಳಗನ್ನು ಹತ್ತಿರದಿಂದ ನೋಡಿದರೆ ಎಷ್ಟು ನಾಜೂಕು ಎಂದು ತಿಳಿಯುತ್ತದೆ. ನುಡಿಯ ಆಸ್ಕಿ ಫಾಂಟಿನಲ್ಲಿ ತಲೆಕಟ್ಟಿಲ್ಲದ ಕ ಎಂದರೆ ದೊಡ್ಡ ಪಿ. ಗೀರಿನ ಎ ಎಂದರೆ ತಲೆಕಟ್ಟು. ಎರಡೂ ಸೇರಿ ಕ. ನ ಕೂತಿರುವುದು ಪೌಂಡಿನ ಮನೆಯಲ್ಲಿ, ಪ ಜಪಾನಿನ ಯೆನ್ ಗುರುತಿನ ಮನೆಯಲ್ಲಿ, ಲ ನೋಂದಾಯಿತ ವ್ಯಾಪಾರ ಮುದ್ರೆಯ ಗುರುತಿನಲ್ಲಿ. ‘ಕರ್ನಾಟಕ’ದ ಅರ್ಕಾವೊತ್ತಿಗೆ ಸಿಕ್ಕಿದ್ದು ಐಸ್‌ಲ್ಯಾಂಡಿನ ಭಾಷೆಯ ಒಂದು ಅಕ್ಷರದ ಜಾಗ. ಉಚ್ಚಾರದಲ್ಲಿ ರಕಾರ ನಾ ಅಕ್ಷರಕ್ಕಿಂತ ಮೊದಲು ಬರುತ್ತದೆ. ಈ ಫೈಲಿನಲ್ಲಿ ಮಾತ್ರ ನಾ ಆದ ಮೇಲೆ ಬರುತ್ತದೆ, ಏಕೆಂದರೆ ಇಲ್ಲಿ ಶೇಖರವಾಗಿರುವುದು ಭಾಷೆಯಲ್ಲ, ಚಿತ್ರದ ಕ್ರಮ. ಇನ್ನು ಸಣ್ಣ ಡಿ ಎಂದರೆ ಜ, ದೊಡ್ಡ ಡಿ ಎಂದರೆ ಆ. ವಾಕ್ಯದ ಮೊದಲ ಅಕ್ಷರವನ್ನು ತಾನಾಗಿ ದೊಡ್ಡದು ಮಾಡುವ ಚಾಳಿ ವರ್ಡಿಗಿದೆ. ಅದನ್ನು ಆರಿಸಿಡದಿದ್ದರೆ ‘ಜನ’ ಎಂದು ಶುರುವಾಗುವ ವಾಕ್ಯ ‘ಆನ’ ಎಂದಾಗಿ ಕೂರುತ್ತದೆ. ಹೀಗೆ ಕೆಟ್ಟದ್ದನ್ನು ಕರಡು ತಿದ್ದುವವರು ಕಣ್ಣಿಟ್ಟು ಹಿಡಿಯಬೇಕು. ಯಂತ್ರಕ್ಕೆ ಇದು ತಪ್ಪೆಂದು ಗೊತ್ತಾಗುವುದೇ ಇಲ್ಲ.

ಎಲ್ಲರೂ ಒಂದೇ ಮನೆಗೆ ಒಂದೇ ತುಂಡು ಕೂರಿಸಿದ್ದರೂ ಬಚಾವಾಗುತ್ತಿದ್ದೆವು. ಶ್ರೀಲಿಪಿ, ಆಕೃತಿ, ಪ್ರಕಾಶಕ್, ಶಬ್ದರತ್ನ ಎಂದು ಬಂದ ತಂತ್ರಾಂಶಗಳ ವಿನ್ಯಾಸ ಒಂದೊಂದರದು ಒಂದೊಂದು ಬಗೆ. ಕೆಲವು ಡಾಂಗಲ್ ಚುಚ್ಚದೆ ತೆರೆಯುತ್ತಲೂ ಇರಲಿಲ್ಲ. ಈ ಗೊಂದಲದ ನಡುವೆ ಕನ್ನಡವನ್ನು ಗಣಕಕ್ಕೆ ತಂದವರ ಋಣ ದೊಡ್ಡದು. ಕಿನ್ನಿಕಂಬಳದ ಕೆ. ಪಿ. ರಾವ್ ರೂಪಿಸಿದ ಕೀಲಿಮಣೆ ವಿನ್ಯಾಸವೇ ಇಂದು ಬಹುಪಾಲು ಜನ ಬಳಸುವ ಕೀಲಿಮಣೆಗೆ ಬುನಾದಿ. ಯು. ಬಿ. ಪವನಜ 1996ರಲ್ಲಿ ‘ವಿಶ್ವಕನ್ನಡ’ ಅಂತರಜಾಲ ಪತ್ರಿಕೆ ಹೊರಡಿಸಿದರು. ಅಮೆರಿಕದಲ್ಲಿದ್ದ ಶೇಷಾದ್ರಿವಾಸು 1998ರಲ್ಲಿ ‘ಬರಹ’ವನ್ನು ಉಚಿತವಾಗಿ ಕೊಟ್ಟರು. ಪರದೇಶದ ಕನ್ನಡ ಮನೆಗಳಲ್ಲಿ ಊರಿಗೆ ಕನ್ನಡದಲ್ಲೇ ಪತ್ರ ಬರೆಯುವ ಧೈರ್ಯ ಹುಟ್ಟಿದ್ದು ಅದರಿಂದ. ಕನ್ನಡ ಗಣಕ ಪರಿಷತ್ತು ಸರ್ಕಾರಕ್ಕಾಗಿ ‘ನುಡಿ’ ಮಾಡಿತು. ಫಾಂಟಿನ ಸಂಕೇತಗಳಿಗೆ ಒಂದು ಶಿಷ್ಟತೆ ಬಂತು. ಪೂರ್ಣಚಂದ್ರ ತೇಜಸ್ವಿಯವರು ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದರು. ಆದರೆ ಶಿಷ್ಟತೆ ಬಂದರೂ ಅದು ತುಂಡುಗಳ ಶಿಷ್ಟತೆಯೇ. ಫಾಂಟು ಜೊತೆಗಿಲ್ಲದೆ ಫೈಲಿಗೆ ಅರ್ಥವಿರಲಿಲ್ಲ.

ಯೂನಿಕೋಡ್ ಬದಲಿಸಿದ್ದು ಇದನ್ನೇ. ಅದರ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ 3200ರಿಂದ 3327ರವರೆಗೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಕ ಎಂದರೆ 3221, ಅಡಿಲೇಡಿನಲ್ಲೂ ಅಥಣಿಯಲ್ಲೂ ಅದೇ. ‘ಕರ್ನಾಟಕ’ ಎಂಬಲ್ಲಿ ಕ ಆದಮೇಲೆ ರ, ಹಲಂತ, ನ, ಆಕಾರದ ಗುರುತು, ಹೀಗೆ ಉಚ್ಚಾರದ ಕ್ರಮದಲ್ಲೇ ಶೇಖರವಾಗುತ್ತದೆ. ಅದನ್ನು ಅರ್ಕಾವೊತ್ತಾಗಿ ತಿರುಗಿಸಿ ಬಲಕ್ಕೆ ಕೂರಿಸುವ ಸೂತ್ರ ಫಾಂಟಿನೊಳಗೆ ಇರುತ್ತದೆ. ಹಾರ್ಫ್‌ಬಝ್‌ನಂಥ ಜೋಡಣೆಯ ಎಂಜಿನ್ ಆ ಸೂತ್ರವನ್ನು ಓದಿ ಅಕ್ಷರ ಬಿಡಿಸುತ್ತದೆ. ಫಾಂಟು ಬದಲಾದರೆ ಚೆಲುವು ಬದಲಾಗಬಹುದು, ಪದ ಬದಲಾಗುವುದಿಲ್ಲ.

ಇಷ್ಟು ಒಳ್ಳೆಯ ವ್ಯವಸ್ಥೆ 1991ರಲ್ಲೇ ಇದ್ದು ನಮ್ಮ ಪುಸ್ತಕೋದ್ಯಮ ಯಾಕೆ ಇಷ್ಟು ತಡಮಾಡಿತು? ವಿಂಡೋಸ್ ಎಕ್ಸ್‌ಪಿ 2001ರಲ್ಲಿ ‘ತುಂಗಾ’ ಫಾಂಟಿನೊಂದಿಗೆ ಬಂದರೂ ಭಾರತೀಯ ಲಿಪಿಗಳ ಸೌಲಭ್ಯವನ್ನು ಬೇರೆಯಾಗಿ, ಸಿಡಿ ಹಾಕಿ ಅನುಸ್ಥಾಪಿಸಬೇಕಿತ್ತು. ಆಂಡ್ರಾಯ್ಡ್ ಫೋನುಗಳ ಮೊದಲ ವರ್ಷಗಳಲ್ಲಿ ಕನ್ನಡ ಬರೀ ಚೌಕಗಳಾಗಿ ಕಾಣುತ್ತಿತ್ತು. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಕಾರಣ ಪುಟ ಹೊಂದಿಸುವ ತಂತ್ರಾಂಶವಾದ ಪೇಜ್‌ಮೇಕರ್. ಅದರ ಕೊನೆಯ ಆವೃತ್ತಿ 7.0 ಬಂದದ್ದೂ 2001ರಲ್ಲೇ, ಅದಕ್ಕೆ ಯೂನಿಕೋಡ್ ಗೊತ್ತಿಲ್ಲ. ಕಂಪನಿ ಅದನ್ನು ಕೈಬಿಟ್ಟ ಮೇಲೂ ನಮ್ಮ ಡಿಟಿಪಿ ಅಂಗಡಿಗಳು ಬಿಡಲಿಲ್ಲ. ಕಲಿತ ಕೈ, ಕೊಂಡ ಫಾಂಟು, ಸಣ್ಣ ಗಣಕದಲ್ಲೂ ಓಡುವ ತಂತ್ರಾಂಶ ಎಲ್ಲ ಅದರಲ್ಲೇ ಇದ್ದವು. ‘ಯೂನಿಕೋಡ್ ನಮ್ಮಲ್ಲಿ ಆಗಲ್ಲ ಸಾರ್, ನುಡೀಲೇ ಕಳಿಸಿ’ ಎಂಬ ಮಾತನ್ನು ಕೇಳದ ಕನ್ನಡ ಲೇಖಕ ಇರಲಾರ. ಲೇಖಕ ಯೂನಿಕೋಡಿನಲ್ಲಿ ಬರೆದದ್ದನ್ನು ಆಸ್ಕಿಗೆ ಇಳಿಸಿ ಪುಸ್ತಕ ಮಾಡಿ, ಆ ಪುಸ್ತಕವನ್ನು ಜಾಲಕ್ಕೆ ಹಾಕಲು ಮತ್ತೆ ಯೂನಿಕೋಡಿಗೆ ಏರಿಸುವ ವ್ಯರ್ಥ ಕೆಲಸ ಎಷ್ಟೋ ಪ್ರಕಾಶನಗಳಲ್ಲಿ ನಡೆಯಿತು. ಪುಟ ಹೊಂದಿಸುವ ಇನ್ನೊಂದು ತಂತ್ರಾಂಶವಾದ ಇನ್‌ಡಿಸೈನ್ 2012ರ ಆವೃತ್ತಿಯಿಂದ ಕನ್ನಡವನ್ನು ಸರಿಯಾಗಿ ಜೋಡಿಸಬಲ್ಲದು. ಆದರೆ ಅದರಲ್ಲಿ ‘ವರ್ಲ್ಡ್ ರೆಡಿ’ ಎಂಬ ಜೋಡಣೆಯ ಆಯ್ಕೆಯನ್ನು ನಾವೇ ಒತ್ತಬೇಕು. ಒತ್ತದಿದ್ದರೆ ಒತ್ತಕ್ಷರ ಕೆಳಗಿಳಿಯದೆ ಪಕ್ಕದಲ್ಲಿ ಬಂದು ನಿಲ್ಲುತ್ತದೆ. ಆಸ್ಟ್ರೇಲಿಯದ ಮುದ್ರಕರಿಗೆ ಫೈಲು ಕೊಡುವವರು ಮೊದಲು ಹೇಳಬೇಕಾದ ಮಾತು ಇದು.

ಯೂನಿಕೋಡ್‌ನಲ್ಲೂ ಎಡವುವ ಜಾಗಗಳಿವೆ. ಅವು ಕಣ್ಣಿಗೆ ಕಾಣದಷ್ಟು ಸಣ್ಣವಾದ್ದರಿಂದ ಹೆಚ್ಚು ಕಾಡುತ್ತವೆ. ‘ಸಾಫ್ಟ್‌ವೇರ್’ ಎಂಬ ಪದದ ನಡುವೆ, ಟಕಾರಕ್ಕೂ ವೇಕಾರಕ್ಕೂ ಮಧ್ಯೆ, ಅಗಲವೇ ಇಲ್ಲದ ಒಂದು ಗುರುತು ಇರುತ್ತದೆ. ‘ಇಲ್ಲಿ ಒತ್ತು ಮಾಡಬೇಡ’ ಎಂದು ಹೇಳುವುದಷ್ಟೇ ಅದರ ಕೆಲಸ. ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲಿಸುವಾಗ ಕೆಲವು ತಂತ್ರಾಂಶಗಳು ಅದನ್ನು ಕಸವೆಂದು ಗುಡಿಸಿಹಾಕುತ್ತವೆ. ಆಗ ಅದು ‘ಸಾಫ್ಟ್ವೇರ್’ ಆಗುತ್ತದೆ, ರಾಜ್‌ಕುಮಾರ್ ‘ರಾಜ್ಕುಮಾರ್’ ಆಗುತ್ತಾರೆ. ‘ರ‍್ಯಾಂಕ್’ ಬರೆಯುವಾಗ ರಕಾರ ಪೂರ್ತಿಯಾಗಿ ನಿಂತು ಯ ಒತ್ತಾಗಬೇಕಾದರೆ ಇನ್ನೊಂದು ಬಗೆಯ ಅದೃಶ್ಯ ಗುರುತು ಬೇಕು. ಅದು ಹಲಂತದ ಹಿಂದೆ ಬರಬೇಕೋ ಮುಂದೆ ಬರಬೇಕೋ ಎಂಬುದರಲ್ಲಿ ತಂತ್ರಾಂಶಗಳು ಹೊಂದದಿದ್ದಾಗ ಒಂದೇ ಪದ ಒಬ್ಬರ ಪರದೆಯಲ್ಲಿ ಒಂದು ರೂಪ, ಇನ್ನೊಬ್ಬರಲ್ಲಿ ಅರ್ಕಾವೊತ್ತು. ಸೊನ್ನೆಯದು ಇನ್ನೂ ಸೂಕ್ಷ್ಮ. ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆಯನ್ನು ಹಾಕುವ ಅಭ್ಯಾಸ ಹಲವರಿಗಿದೆ. ಪುಟದ ಮೇಲೆ ವ್ಯತ್ಯಾಸ ಕಾಣದು. ‘ಬೆಂಗಳೂರು’ ಎಂದು ಹುಡುಕಿದರೆ ಮಾತ್ರ ಆ ಪದ ಸಿಗುವುದಿಲ್ಲ.

ಪುಟದ ಅಚ್ಚುಕಟ್ಟು ಇನ್ನೊಂದು ಪೇಚು. ಬೆಂಗಳೂರಿನ ವಿಂಡೋಸ್ ಗಣಕದಲ್ಲಿ ‘ನಿರ್ಮಲಾ’ ಫಾಂಟಿನಲ್ಲಿ ಹೊಂದಿಸಿದ ಲೇಖನ ಇಲ್ಲಿ ಮ್ಯಾಕ್‌ನಲ್ಲಿ ತೆರೆದಾಗ ‘ಕನ್ನಡ ಸಂಗಮ್’ ಫಾಂಟಿಗೆ ಹೊರಳುತ್ತದೆ. ಅಕ್ಷರದ ಅಗಲ ಬೇರೆ, ಸಾಲಿನ ಎತ್ತರ ಬೇರೆ. ಪರಿವಿಡಿಯ ಪುಟಸಂಖ್ಯೆಗಳು ತಪ್ಪುತ್ತವೆ, ಕವಿತೆಯ ಸಾಲು ಮುರಿಯುತ್ತದೆ. ಇನ್ನು ವರ್ಡಿನಲ್ಲಿ ಇಂಗ್ಲಿಷಿನಂಥ ಲಿಪಿಗೆ ಒಂದು ಫಾಂಟು, ಕನ್ನಡದಂಥ ಸಂಕೀರ್ಣ ಲಿಪಿಗೆ ಇನ್ನೊಂದು ಎಂದು ಎರಡು ಖಾನೆಗಳಿವೆ. ಒಂದನ್ನು ಬದಲಿಸಿ ಎರಡನೆಯದನ್ನು ಬಿಟ್ಟವರು ‘ಫಾಂಟು ಬದಲಾಗುತ್ತಲೇ ಇಲ್ಲ’ ಎಂದು ಒದ್ದಾಡುವುದನ್ನು ಎಷ್ಟೋ ಸಲ ಕಂಡಿದ್ದೇನೆ.

ಇದಕ್ಕೆಲ್ಲ ಸಾಮಾನ್ಯವಾಗಿ ಹೇಳುವ ಮದ್ದು ಫಾಂಟನ್ನು ಫೈಲಿನೊಳಗೇ ಸೇರಿಸಿ ಕಳಿಸುವುದು. ವರ್ಡಿನ ಸೇವ್ ಆಯ್ಕೆಗಳಲ್ಲಿ ಫಾಂಟು ಎಂಬೆಡ್ ಮಾಡುವ ಗುಂಡಿ ಇದೆ. ಲಿಬ್ರೆ ಆಫೀಸಿನಲ್ಲಿ ಕಡತದ ಪ್ರಾಪರ್ಟೀಸ್‌ನಲ್ಲಿ ಸಿಗುತ್ತದೆ. ಒಳ್ಳೆಯ ಅಭ್ಯಾಸವೇ. ಆದರೆ ಅದರ ಮಿತಿ ತಿಳಿದಿರಬೇಕು. ಸೇರಿಸಲು ಅನುಮತಿ ಇದೆಯೋ ಇಲ್ಲವೋ ಎಂಬುದು ಪ್ರತಿ ಫಾಂಟಿನೊಳಗೇ ಬರೆದಿರುತ್ತದೆ. ಕೆಲವಕ್ಕೆ ಅನುಮತಿಯೇ ಇಲ್ಲ, ಕೆಲವನ್ನು ನೋಡಲು ಮತ್ತು ಮುದ್ರಿಸಲು ಮಾತ್ರ ಬಿಡುತ್ತಾರೆ. ಸೇರಿಸಿ ಕಳಿಸಿದರೂ ಹಳೆಯ ಮ್ಯಾಕ್ ವರ್ಡ್‌ಗಳು, ಎಷ್ಟೋ ಫೋನುಗಳು ಅದನ್ನು ನೋಡುವುದೇ ಇಲ್ಲ. ಈ ವಿಷಯದಲ್ಲಿ ಮುಕ್ತ ಪರವಾನಗಿಯ ಫಾಂಟುಗಳಷ್ಟು ನೆಮ್ಮದಿ ಬೇರೆ ಇಲ್ಲ. ನೋಟೋ ಕನ್ನಡ, ಏಕ್ ಟೈಪ್‌ನವರ ಬಾಲೂ ತಮ್ಮ, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಅವರ ಅಕಾಯ ಕನಡಕ, ಎರಿನ್ ಮೆಕ್‌ಲಾಫ್ಲಿನ್ ಅವರ ಹುಬ್ಬಳ್ಳಿ, ಕೈಬರಹದಂತಿರುವ ನವಿಲು, ಇವನ್ನೆಲ್ಲ ಹಂಚಬಹುದು, ಫೈಲಿನ ಜೊತೆಗೇ ಕಳಿಸಬಹುದು. ‘ಯೂನಿಕೋಡಲ್ಲಿ ಚೆಂದದ ಫಾಂಟಿಲ್ಲ’ ಎಂಬ ಹಳೆಯ ದೂರು ಈಗ ಸಲ್ಲುವುದಿಲ್ಲ.

ಎಲ್ಲರ ಕೈಗೂ ಒದಗಿದ್ದು ಪಿಡಿಎಫ್. ಬಳಸಿದ ಅಕ್ಷರಗಳ ಆಕಾರವನ್ನು ಅದು ತನ್ನೊಳಗೇ ಹೊತ್ತೊಯ್ಯುತ್ತದೆ. ದಾಖಲೆ ಉಳಿಸುವುದಕ್ಕೆಂದೇ 2005ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಪಿಡಿಎಫ್-ಎ ಎಂಬ ಬಗೆಯಲ್ಲಂತೂ ಫಾಂಟನ್ನು ಸೇರಿಸಲೇಬೇಕು. ಮುದ್ರಣದಂಗಡಿಗೆ ಕೊಡಲು ಇದಕ್ಕಿಂತ ಒಳ್ಳೆಯದಿಲ್ಲ, ನಾವೂ ಅದನ್ನೇ ಕೊಡುವುದು. ನನ್ನ ತಕರಾರು ಇರುವುದು ಪಿಡಿಎಫ್ ಆದ ಮೇಲೆ ಕೆಲಸ ಮುಗಿಯಿತು ಎಂಬ ಭಾವನೆಯ ಬಗ್ಗೆ. ಆಸ್ಕಿ ಫಾಂಟಿನಿಂದ ಮಾಡಿದ ಪಿಡಿಎಫ್ ಕಣ್ಣಿಗೆ ಚೊಕ್ಕ ಕನ್ನಡ. ಅದರಿಂದ ಒಂದು ಸಾಲು ನಕಲಿಸಿ ಬೇರೆಡೆ ಅಂಟಿಸಿ ನೋಡಿ, ಮತ್ತದೇ ಪಿ, ಪೌಂಡು, ಗೀರಿನ ಎ. ‘ಕುವೆಂಪು’ ಎಂದು ಹುಡುಕಿದರೆ ಇಡೀ ಗ್ರಂಥದಲ್ಲಿ ಆ ಹೆಸರೇ ಇಲ್ಲ ಎನ್ನುತ್ತದೆ. ಯೂನಿಕೋಡಿನಿಂದ ಮಾಡಿದ ಪಿಡಿಎಫ್ ಕೂಡ, ಆಕಾರದಿಂದ ಅಕ್ಷರಕ್ಕೆ ಮರಳುವ ಪಟ್ಟಿ ಒಳಗೆ ಸರಿಯಾಗಿ ಇಲ್ಲದಿದ್ದರೆ, ಒತ್ತು ಗುಣಿತಗಳನ್ನು ಕಲಸಿ ಕೊಡುತ್ತದೆ.

ಕಣ್ಣಿಲ್ಲದವರ ಪಾಲಿಗೆ ಇದು ಓದಿನ ಬಾಗಿಲನ್ನೇ ಮುಚ್ಚಿದಂತೆ. ಜಗತ್ತಿನಾದ್ಯಂತ ಅಂಧರು ಬಳಸುವ ಎನ್‌ವಿಡಿಎ ಎಂಬ ಉಚಿತ ಪರದೆವಾಚಕ ಹುಟ್ಟಿದ್ದು ಇದೇ ಆಸ್ಟ್ರೇಲಿಯದಲ್ಲಿ. ಮೈಕೆಲ್ ಕರನ್ 2006ರಲ್ಲಿ ಅದನ್ನು ಶುರುಮಾಡಿದರು, ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ದೃಷ್ಟಿ ಇಲ್ಲ. ಬ್ರಿಸ್ಬೇನ್‌ನಲ್ಲಿ ನೆಲೆಯಾದ ಅವರ ಸಂಸ್ಥೆ ಅದನ್ನು ಇಂದಿಗೂ ನಡೆಸುತ್ತಿದೆ. ಇ-ಸ್ಪೀಕ್ ಎಂಬ ಧ್ವನಿ ಎಂಜಿನ್ನಿನ ನೆರವಿನಿಂದ ಅದು ಕನ್ನಡವನ್ನು ಓದಬಲ್ಲದು. ಯೂನಿಕೋಡ್ ಕಡತ ಕೊಟ್ಟರೆ ‘ಕನ್ನಡ’ ಎಂದೇ ಓದುತ್ತದೆ. ನುಡಿಯ ಆಸ್ಕಿ ಕಡತ ಕೊಟ್ಟರೆ ಅದಕ್ಕೆ ಸಿಗುವುದು ಇಂಗ್ಲಿಷ್ ಅಕ್ಷರಗಳೂ ಹಣದ ಗುರುತುಗಳೂ. ತಮ್ಮ ಭಾಷೆಯ ಪುಸ್ತಕ ಗಣಕದಲ್ಲಿದ್ದೂ ಕೇಳಿಸಿಕೊಳ್ಳಲಾಗದ ಕನ್ನಡಿಗರಿಗೆ ನಾವು ಏನು ಉತ್ತರ ಕೊಡಬಲ್ಲೆವು?

ಅಪರೂಪದ ಅಕ್ಷರಗಳದು ಬೇರೆಯದೇ ಕತೆ, ನನಗೆ ಬಹಳ ಪ್ರಿಯವಾದದ್ದು. ಹಳಗನ್ನಡದ ಱ ಮತ್ತು ೞ ಎರಡಕ್ಕೂ ಯೂನಿಕೋಡಿನಲ್ಲಿ ಜಾಗ ಇದೆ. ಆದರೆ 3294ನೆಯ ಸ್ಥಾನದಲ್ಲಿರುವ ೞ ಅಕ್ಷರಕ್ಕೆ ಮೊದಲು ಇಟ್ಟ ಹೆಸರು ‘ಫ’ ಎಂದು. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಬಾರದೆಂಬುದು ಯೂನಿಕೋಡಿನ ನಿಯಮವಾದ್ದರಿಂದ ಸರಿಯಾದ ಹೆಸರನ್ನು ಪರ್ಯಾಯವಾಗಿ ಸೇರಿಸಬೇಕಾಯಿತು. ಅದರ ಪಕ್ಕದ 3293ನೆಯ ಸ್ಥಾನಕ್ಕೆ 2021ರಲ್ಲಿ, ಯೂನಿಕೋಡ್ 14ರಲ್ಲಿ, ನಕಾರ ಪೊಲ್ಲು ಬಂತು. ಸ್ವರವಿಲ್ಲದ ನಕಾರಕ್ಕೆ ಹಳೆಯ ಬರಹಗಳಲ್ಲಿದ್ದ ವಿಶೇಷ ರೂಪ ಅದು. ಕನ್ನಡ ಲಿಪಿಯಲ್ಲಿ ಬರೆಯುವ ಕೊಂಕಣಿಗೆ ಬೇಕಾದ ಮೇಲುಬಲದ ಅನುಸ್ವಾರ 2022ರಲ್ಲಿ, ತುಳು-ತಿಗಳಾರಿ ಲಿಪಿ 2024ರ ಸೆಪ್ಟೆಂಬರಿನಲ್ಲಿ ಸೇರಿದವು. ಪಟ್ಟಿಗೆ ಸೇರಿದ ಮಾತ್ರಕ್ಕೆ ಪರದೆಗೆ ಬರುವುದಿಲ್ಲ. ಫಾಂಟು ಮಾಡುವವರು ಅದನ್ನು ಬಿಡಿಸಬೇಕು, ಗಣಕದ ವ್ಯವಸ್ಥೆಗಳು ಹೊಸದಾಗಬೇಕು. ಅಲ್ಲಿಯವರೆಗೆ ಆ ಜಾಗದಲ್ಲಿ ಖಾಲಿ ಚೌಕವೇ. ಹೀಗೆಂದು ೞ ಬದಲು ಳ ಹಾಕಿ ಪದ್ಯ ಅಚ್ಚು ಮಾಡುವುದನ್ನು ನಾನು ಒಪ್ಪಲಾರೆ. ಪಂಪನ ಕಾವ್ಯದಲ್ಲಿ ಅವೆರಡೂ ಬೇರೆ ಬೇರೆ ಅಕ್ಷರಗಳು. ಸರಿಯಾದ ಸಂಕೇತದಲ್ಲೇ ಬರೆದು, ಆ ಅಕ್ಷರವಿರುವ ಮುಕ್ತ ಫಾಂಟನ್ನು ಫೈಲಿನ ಜೊತೆ ಕಳಿಸಿ, ನೋಡಲು ಒಂದು ಪಿಡಿಎಫ್ ಇಟ್ಟರೆ ಓದುಗರಿಗೆ ಇಂದೂ ಸಿಗುತ್ತದೆ, ಮುಂದೂ ಸಿಗುತ್ತದೆ.

ಉಳಿದದ್ದು ಹಳೆಯ ಗಂಟು. ಬರ್ಮಾದವರಿಗೂ ಇಂಥದೇ ಕಷ್ಟವಿತ್ತು. ಅಲ್ಲಿ ಜಾವ್‌ಜಿ ಎಂಬ ಫಾಂಟು ದೇಶವಿಡೀ ಹಬ್ಬಿತ್ತು. 2019ರ ಅಕ್ಟೋಬರ್ 1ರಂದು ದಿನ ನಿಗದಿ ಮಾಡಿ ಸರ್ಕಾರವೇ ಯೂನಿಕೋಡಿಗೆ ಹೊರಳಿತು. ಕರ್ನಾಟಕ ಸರ್ಕಾರವೂ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿದೆ. ಆದರೆ ಹಿಂದಿನ ಫೈಲುಗಳು ಆದೇಶದಿಂದ ಬದಲಾಗುವುದಿಲ್ಲ. ಕ್ಯಾನ್‌ಬೆರಾದ ರಾಷ್ಟ್ರೀಯ ಪತ್ರಾಗಾರದವರು ಹಳೆಯ ಕಡತಗಳನ್ನು ಮುಕ್ತ ನಮೂನೆಗೆ ತರಲು ಜೆನಾ ಎಂಬ ತಂತ್ರಾಂಶ ಮಾಡಿದ್ದರು. ಅಂಥ ಸಾಧನಗಳು ವರ್ಡ್ ಫೈಲನ್ನು ಉಳಿಸಬಲ್ಲವು, ಅದರೊಳಗಿನ ಆಸ್ಕಿ ಕನ್ನಡವನ್ನು ಉಳಿಸಲಾರವು, ಏಕೆಂದರೆ ಅವುಗಳ ಕಣ್ಣಿಗೆ ಅದು ಇಂಗ್ಲಿಷೇ. ಅದಕ್ಕೆ ಕನ್ನಡದ್ದೇ ಪರಿವರ್ತಕ ಬೇಕು, ಅವು ಇವೆ. ನುಡಿ, ಬರಹಗಳ ಸಂಕೇತವನ್ನು ಅವು ಚೆನ್ನಾಗಿ ತಿರುಗಿಸುತ್ತವೆ. ನಡುವೆ ನಿಜವಾದ ಇಂಗ್ಲಿಷ್ ಪದಗಳಿದ್ದರೆ ಅವನ್ನೂ ಕನ್ನಡವೆಂದು ತಿಳಿದು ಕೆಡಿಸುತ್ತವೆ. ಆದ್ದರಿಂದ ಯಾವ ಪದ ಯಾವ ಫಾಂಟಿನಲ್ಲಿದೆ ಎಂಬ ಮಾಹಿತಿ ಇರುವ ಮೂಲ ಫೈಲಿನಿಂದಲೇ ಪರಿವರ್ತಿಸಬೇಕು, ನಕಲಿಸಿದ ಬರಿಯ ಪಠ್ಯದಿಂದಲ್ಲ. ಪರಿವರ್ತಕವೇ ಇಲ್ಲದ ಹಳೆಯ ತಂತ್ರಾಂಶದ ಕಡತವಾದರೆ ಮುದ್ರಿತ ಪುಟವನ್ನು ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಕೊಟ್ಟು, ಬಂದದ್ದನ್ನು ತಿದ್ದುವುದೇ ಮೇಲು. ಈ ದುಡಿಮೆಯ ಫಲ ಏನೆಂದು ನೋಡಬೇಕಾದರೆ ‘ವಚನ ಸಂಚಯ’ ತೆರೆಯಿರಿ. ಶರಣರ ಸಾವಿರಾರು ವಚನಗಳಲ್ಲಿ ಒಂದು ಪದ ಎಲ್ಲೆಲ್ಲಿ ಬಂದಿದೆ ಎಂದು ಬ್ಲೇರ್ ಅಥಾಲ್‌ನಲ್ಲಿ ಕೂತು ಕ್ಷಣದಲ್ಲಿ ಹುಡುಕಬಹುದು.

ಸಂಘಗಳ ಸಂಪಾದಕರಲ್ಲಿ, ಪ್ರಕಾಶಕರಲ್ಲಿ ನನ್ನ ಕೋರಿಕೆ ಇಷ್ಟೇ. ಲೇಖನ ಕೇಳುವಾಗಲೇ ಯೂನಿಕೋಡಿನಲ್ಲಿ ಕಳಿಸಿ ಎಂದು ಬರೆಯಿರಿ. ಸಂಚಿಕೆ ಮುಗಿದ ಮೇಲೆ ಪಿಡಿಎಫ್ ಜೊತೆಗೆ ಯೂನಿಕೋಡ್ ಪಠ್ಯವನ್ನೂ ಬಳಸಿದ ಫಾಂಟುಗಳನ್ನೂ ಒಂದೇ ಕಡೆ ಇಡಿ. ಮನೆಯ ಹಳೆಯ ಸಿಡಿಗಳಲ್ಲಿ, ಮೂಲೆ ಸೇರಿದ ಲ್ಯಾಪ್‌ಟಾಪಿನಲ್ಲಿ ಅಪ್ಪ ಅಮ್ಮ ಬರೆದ ನುಡಿ, ಬರಹ, ಶ್ರೀಲಿಪಿ ಫೈಲುಗಳಿದ್ದರೆ, ಅವನ್ನು ತೆರೆಯುವ ಯಂತ್ರ ಇನ್ನೂ ಓಡುತ್ತಿರುವಾಗಲೇ ಪರಿವರ್ತಿಸಿಕೊಳ್ಳಿ. ಕರಡು ನೋಡುವ ಕೈ ಬೇಕಿದ್ದರೆ ನಿಮ್ಮೂರಿನ ಕನ್ನಡ ಸಂಘದಲ್ಲಿ ಕೇಳಿ, ಬರುವವರು ಇದ್ದಾರೆ.